ಬಿಸಿಲು ಕಾಣದ ಮರಳು

ಶಂಖಬೇಲೆಯ ಮೀನು ಒಣಗಿಸುವ ಕಳದ ಮರಳಿಗೆ ಹದಿನೆಂಟೇ ದಿನ ವಯಸ್ಸು ಅಂತ ಯಂತ್ರ ಹೇಳಿದಾಗ ಶರಾವತಿ ಅಂಬಿಗ ಎಂಬ ಸರ್ಕಾರಿ ವಿಜ್ಞಾನಿಗೆ ಮೊದಲು ಬಂದದ್ದು ನಗು. ಆಮೇಲೆ ನಗು ನಿಂತಿತು. ಮೂರು ಕಡೆಯಿಂದ ತೆಗೆದ ಮರಳು, ಮೂರಕ್ಕೂ ಅದೇ ಉತ್ತರ. ವಯಸ್ಸು ಹದಿನೆಂಟು ದಿನ. ಮೀನಿನ ಎಣ್ಣೆಯ ಕುರುಹು ಇಲ್ಲ. ಜೀವನೋಪಾಯಕ್ಕೆ ಬಳಸಿದ ಲಕ್ಷಣ ಇಲ್ಲ.

ಇಲ್ಲವಂತೆ! ಹೋದ ವಾರ ತಾನೇ ಅವಳು ಆ ಕಳದ ನಡುವೆ ನಿಂತು ಬಂದಿದ್ದಳು. ಮೂವತ್ತು ಹೆಂಗಸರು ಸುತ್ತ ನಿಂತಿದ್ದರು. ಅವರ ಕೈಗಳಲ್ಲಿ ಉಪ್ಪು ಕಚ್ಚಿದ ಬಿರುಕುಗಳಿದ್ದವು, ಸೀರೆಯಲ್ಲಿ ಒಣಬಂಗಡೆಯ ವಾಸನೆ ಇತ್ತು. ಆದರೆ ಕೈಯ ಬಿರುಕನ್ನು, ಸೀರೆಯ ವಾಸನೆಯನ್ನು ವರದಿಯಲ್ಲಿ ಬರೆಯಲು ಕಾಯ್ದೆಯಲ್ಲಿ ಜಾಗವಿರಲಿಲ್ಲ.

ಯಂತ್ರದ ಸರ್ಕಾರಿ ಹೆಸರು ‘ಸಿಕತಾ ಸ್ಮೃತಿ ಮಾಪಕ’. ಆ ಹೆಸರು ಇಟ್ಟ ಪುಣ್ಯಾತ್ಮ ಅದನ್ನು ದಿನಕ್ಕೆ ಹತ್ತು ಸಲ ಹೇಳಬೇಕಾದವನಲ್ಲ ಅನ್ನುವುದು ಖಂಡಿತ. ಕರಾವಳಿಯ ಜನ ಅದನ್ನು ಮೂಸುಕೋಲು ಅಂತಾರೆ. ಅದರ ಕೆಲಸ ಇಷ್ಟೇ. ಮರಳಿನ ಕಣ ಕತ್ತಲಲ್ಲಿ ಹೂತಿದ್ದಷ್ಟು ಕಾಲ ಭೂಮಿಯೊಳಗಿನ ಸಣ್ಣ ವಿಕಿರಣವನ್ನು ಚೂರುಚೂರೇ ಒಳಗೆ ಕೂಡಿಡುತ್ತದೆ. ಬಿಸಿಲು ತಾಗಿದರೆ ಆ ಕೂಡಿಟ್ಟದ್ದೆಲ್ಲ ಖಾಲಿ, ಮತ್ತೆ ಮೊದಲಿಂದ ಶುರು. ಕಪ್ಪು ನಳಿಗೆಯಲ್ಲಿ ಬೆಳಕು ತಾಗಿಸದೆ ಮರಳು ತಂದು, ಪ್ರಯೋಗಾಲಯದ ಕತ್ತಲ ಕೋಣೆಯಲ್ಲಿ ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಕಣಗಳು ಮಿಣಕ್ಕನೆ ಹೊಳೆಯುತ್ತವೆ. ಎಷ್ಟು ಹೊಳೆದವೋ ಅಷ್ಟು ಕಾಲ ಅವು ಸೂರ್ಯನನ್ನು ಕಂಡಿಲ್ಲ ಅಂತ ಲೆಕ್ಕ. ಹದಿನೈದು ದಿನ ಆಚೆ ಈಚೆ, ಅಷ್ಟೇ ವ್ಯತ್ಯಾಸ. ಕಣಕ್ಕೆ ಅಂಟಿದ ಎಣ್ಣೆ, ಮೀನಿನ ಮೈಮೇಲಿನ ಹೊಪ್ಪಳೆಯ ಪುಡಿ, ಉಪ್ಪು, ಇವುಗಳಿಂದ ಅಲ್ಲಿ ಏನು ಕೆಲಸ ನಡೆದಿತ್ತು ಅಂತಲೂ ಗೊತ್ತಾಗುತ್ತದೆ.

ಕಾಯ್ದೆ ನಿಂತದ್ದೇ ಇದರ ಮೇಲೆ. ತೀರದಲ್ಲಿ ಪ್ರವಾಸೋದ್ಯಮಕ್ಕೆ ಯಾರಾದರೂ ಬಂಡವಾಳ ಹಾಕುತ್ತೇವೆ ಅಂತ ಬಂದರೆ, ಅರವತ್ತು ವರ್ಷದ ಗುತ್ತಿಗೆಗೆ ಜಾಗ ಕೊಡಬಹುದು. ಆದರೆ ಹಿಂದಿನ ಇಪ್ಪತ್ತು ವರ್ಷ ಒಂದೂ ವರ್ಷ ಬಿಡದೆ ಊರಿನವರು ಹೊಟ್ಟೆಪಾಡಿಗೆ ಬಳಸಿದ ಜಾಗವಾದರೆ ಕೊಡುವಂತಿಲ್ಲ. ಬಳಸಿದ್ದರೋ ಇಲ್ಲವೋ ಅಂತ ಮರಳೇ ಹೇಳಬೇಕು. ಮನುಷ್ಯರ ಸಾಕ್ಷಿ ಬೇಡ.

ಇದನ್ನು ಕೇಳಿ ಕಾಯ್ದೆಯೇ ಸರಿಯಿಲ್ಲ ಅನ್ನಬೇಡಿ. ಮನುಷ್ಯರ ಸಾಕ್ಷಿ ನಡೆಯುತ್ತಿದ್ದ ಕಾಲದಲ್ಲಿ ಏನೇನಾಯಿತು ಅಂತ ಶರಾವತಿಯ ಅಮ್ಮನನ್ನು ಕೇಳಬೇಕು. ಹೊಳೆಯಾಚೆಯ ಅವಳ ಊರಲ್ಲಿ ಹನ್ನೆರಡು ಜನ ನೆರೆಹೊರೆಯವರು, ಮದುವೆ ಮುಂಜಿಗೆ ಒಟ್ಟಿಗೆ ಕೂತು ಉಂಡವರು, ಅಧಿಕಾರಿಯ ಎದುರು ನಿಂತು ‘ಇಲ್ಲಿ ಯಾರೂ ಮೀನು ಒಣಗಿಸಿದ್ದು ನಾವು ಕಂಡಿಲ್ಲ’ ಅಂದರು. ಅಮ್ಮ ಅಲ್ಲೇ ನಿಂತಿದ್ದಳು, ತಲೆ ಮೇಲೆ ಮೀನಿನ ಬುಟ್ಟಿ ಇತ್ತು. ಆ ಕಳದ ಮೇಲೆ ಈಗ ಈಜುಕೊಳ ಇದೆ. ಶರಾವತಿ ಭೌತವಿಜ್ಞಾನ ಓದಿದ್ದು, ಈ ನೌಕರಿ ಹಿಡಿದದ್ದು, ಹನ್ನೊಂದು ವರ್ಷದಲ್ಲಿ ಹದಿನಾರು ಊರಿನ ತೀರ ಉಳಿಸಿದ್ದು, ಎಲ್ಲ ಆ ಒಂದು ಮಧ್ಯಾಹ್ನದ ಸಿಟ್ಟಿನಿಂದ. ಮರಳನ್ನು ಯಾರೂ ಕೊಂಡುಕೊಳ್ಳಲಾರರು ಅನ್ನುವುದು ಅವಳ ದೇವರಾಗಿತ್ತು.

ಈಗ ಆ ದೇವರೇ ಉಲ್ಟಾ ಹೊಡೆದಿದ್ದ. ಅವಳು ಮಾಪಕವನ್ನು ಎರಡು ಸಲ ಸರಿ ಮಾಡಿ ನೋಡಿದಳು. ಕತ್ತಲ ಕೋಣೆಯಿಂದ ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಚಹಾ ತರಿಸಿ ಕುಡಿಯದೆ ಬಿಟ್ಟಳು. ಕೊನೆಗೆ ನಾಲ್ಕು ಗಂಟೆಗೆ, ನಿಯಮ ಅಂದರೆ ನಿಯಮ ಅಂದುಕೊಂಡು ವರದಿಗೆ ಸಹಿ ಹಾಕಿ ಕಳಿಸಿಬಿಟ್ಟಳು. ಕಳಿಸಿದ ಕ್ಷಣದಿಂದ ಗಡಿಯಾರ ಓಡತೊಡಗಿತು. ಹದಿನೈದು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಜಾಗ ಗುತ್ತಿಗೆಗೆ ಅರ್ಜಿ ಹಾಕಿದ ನೀಲತರಂಗ ವಿಹಾರಧಾಮದವರಿಗೆ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಳಕ್ಕೆ ಹೋದ ದಿನದ ಒಂದೊಂದೇ ನೆನಪಾಯಿತು. ಕಳ ಎಷ್ಟು ಚೊಕ್ಕವಾಗಿತ್ತು! ಒಂದು ಹೊಪ್ಪಳೆ ಇಲ್ಲ, ಒಂದು ನೊಣ ಇಲ್ಲ. ಬೆಳ್ಳಗೆ ತೊಳೆದು ಹಾಸಿದ ಹಾಗಿದ್ದ ಮರಳು. ಹೆಂಗಸರಿಗೆಲ್ಲ ಹಿರಿಯಳು ಮಾದೇವಕ್ಕ, ಅರವತ್ತೈದರ ಮೇಲಿನ ಗಟ್ಟಿ ಜೀವ, ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದ್ದಳು.

“ಹ್ಯಾಂಗಿತ್ತು ಕಾಣಿ ಮೇಡಂ. ಶಂಖಬೇಲೆಯವ್ರು ಗಲೀಜು ಅಂತ ಯಾರೂ ಹೇಳುಕಾಗ.”

“ಇಷ್ಟು ಚೊಕ್ಕ ಕಳ ನಾನು ನೋಡೇ ಇಲ್ಲ” ಅಂದಿದ್ದಳು ಶರಾವತಿ, ಹೊಗಳಿಕೆಗೆ. ಮೂವತ್ತು ಮುಖಗಳೂ ಅರಳಿದ್ದವು. ಅಯ್ಯೋ, ಆಗಲಾದರೂ ತಲೆ ಓಡಿಸಬೇಕಿತ್ತು.

ಮನೆಯಲ್ಲಿ ಅಮ್ಮ ಸಂಜೆಯ ಅಡಿಗೆಗೆ ತಾರ್ಲೆ ಮೀನು ತೊಳೆಯುತ್ತಿದ್ದಳು. ಎರಡನೇ ಮಹಡಿಯ ಮನೆ ಅದು, ಅಂಗಳವಿಲ್ಲ, ಬಾಲ್ಕನಿಯಲ್ಲಿ ನಾಲ್ಕು ಡಬ್ಬಿಗಳಲ್ಲಿ ಬಸಳೆ. ಮೀನು ತೊಳೆದ ನೀರನ್ನು ಅಮ್ಮ ಚೆಂಬಿನಲ್ಲಿ ಹಿಡಿದು ಬಾಲ್ಕನಿಗೆ ಹೊರಟಳು. ಕೆಳಗಿನ ಮನೆಯವರು ಇದಕ್ಕಾಗಿ ಮೂರು ಸಲ ಜಗಳ ಮಾಡಿದ್ದರು.

“ಅಮ್ಮಾ, ಆ ನೀರು ಬಚ್ಚಲಿಗೆ ಹಾಕ್ಬಾರ್ದಾ? ಮತ್ತೆ ವಾಸನೆ ಅಂತ ಕೂಗ್ತಾರೆ ಅವರು.”

“ಮೀನಿನ ಸತ್ವ ಬಚ್ಚಲಿಗಾ? ನಿನ್ಗೆ ಹುಚ್ಚು.” ಅಮ್ಮ ಬಸಳೆಯ ಬುಡಕ್ಕೆ ಹನಿ ವ್ಯರ್ಥವಾಗದ ಹಾಗೆ ಹೊಯ್ದಳು. “ಈಗ ಬರೀ ಈ ನೀರು. ಆಗ ಬುಡಕ್ಕೆ ಕಳದ ಹಳೇ ಮರಳೇ ಬರ್ತಿತ್ತು. ಆ ಬಸಳೆ ಎಲೆ ಅಂದ್ರೆ ಅಂಗೈ ಅಗಲ.”

ಶರಾವತಿ ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. “ಕಳದ ಹಳೇ ಮರಳಾ? ಎಂತಕೆ ತೆಗೀತಿದ್ರಿ?”

“ತೆಗೀದೆ? ವರ್ಷವಿಡೀ ಮೀನು ಬಿದ್ದ ಮರಳು, ಹುಳ ಆತದೆ. ಮಳೆ ಕಳೆದ ಮೇಲೆ ಗೋರಿ ತೆಗೆದು, ಅಳಿವೆಯಿಂದ ಹೊಸಾ ಮರಳು ಹೊತ್ತು ತಂದು ಹಾಸೂದು. ನೆಂಟರು ಬತ್ತಾರೆ ಅಂದ್ರೆ ಇನ್ನೂ ಬೇಗ ಮಾಡ್ತಿದ್ವು. ನೀ ಸಣ್ಣಕಿರುವಾಗ ಬುಟ್ಟೀಲಿ ಕೂತ್ಕಂಡು ಅಳ್ತಿದ್ದೆ, ಮರ್ತೋಯ್ತಾ?”

“ಆ ಹಳೇ ಮರಳು ಎಲ್ಲಿಗೆ ಹಾಕ್ತಿದ್ರಿ?”

“ತೆಂಗಿನ ಬುಡಕ್ಕೆ. ಮತ್ತೆಲ್ಲಿಗೆ?”

ಅಲ್ಲಿಗೆ ಎಲ್ಲ ಬಿಚ್ಚಿಕೊಂಡಿತು. ಸರ್ಕಾರದ ಮೇಡಂ ನೋಡಲಿಕ್ಕೆ ಬರುತ್ತಾರೆ ಅಂತ ಶಂಖಬೇಲೆಯ ಹೆಂಗಸರು ಸೊಂಟ ಬಗ್ಗಿಸಿ ಕೂತು, ತಮ್ಮ ಜಾಗದ ಸಾಕ್ಷಿಯನ್ನೆಲ್ಲ ಕೈಯಾರೆ ಗೋರಿ ತೆಗೆದು ಹೊತ್ತು ಹಾಕಿದ್ದರು. ಮನೆಗೆ ಅತಿಥಿ ಬರುವಾಗ ಗುಡಿಸದೆ ಇರುವ ಹೆಂಗಸು ಈ ತೀರದಲ್ಲಿ ಹುಟ್ಟಿಲ್ಲ. ಕಾಯ್ದೆ ಬರೆದವರಿಗೆ ಅದು ಗೊತ್ತಿರಲಿಲ್ಲ, ಮೂಸುಕೋಲಿಗೂ ಗೊತ್ತಿರಲಿಲ್ಲ. ತನಗೆ, ಅದೇ ಬುಟ್ಟಿಯಲ್ಲಿ ಕೂತು ಅತ್ತವಳಿಗೆ, ಗೊತ್ತಿರಬೇಕಿತ್ತಲ್ಲ! ಅವಳಿಗೆ ತನ್ನ ಮೇಲೆಯೇ ವಿಪರೀತ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಏಳೂವರೆಗೆ ಅವಳು ನಳಿಗೆಗಳ ಚೀಲ ಹೊತ್ತು ಶಂಖಬೇಲೆಯಲ್ಲಿ ಇಳಿದಳು. ವರದಿಯ ಸುದ್ದಿ ಆಗಲೇ ಊರು ಮುಟ್ಟಿತ್ತು. ಮಾದೇವಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಕ್ಕದ ಮನೆಯ ತುಳಸಿ, ಮೂವತ್ತರ ಆಚೀಚೆಯ ಬಾಯಿ ಬಡುಕಿ, ಬೇಲಿಯ ಮೇಲಿಂದಲೇ ಕೂಗಿದಳು.

“ಮಾದೇವಕ್ಕಾ, ನಮ್ಮ ಕಳ ನುಂಗಿದ ಮೇಡಂ ಬಂದ್ರು ಕಾಣು! ಈಗ ನಿನ್ನ ಹಿತ್ತಲು ನುಂಗುಕೆ ಬಂದಿದಾರೇನ.”

ಶರಾವತಿ ಏನೂ ಮುಚ್ಚಿಡಲಿಲ್ಲ. ತಪ್ಪು ಹೇಗಾಯಿತು ಅಂತ ಹೇಳಿದಳು. ಹಳೆಯ ಮರಳು ಎಲ್ಲಿದೆ ತೋರಿಸಿ ಅಂದಳು. ಮಾದೇವಕ್ಕ ಕೈ ಒರೆಸಿಕೊಂಡು, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಚೊಕ್ಕ ಇಟ್ಟದ್ದೇ ತಪ್ಪಾಯ್ತು ಅಂತೀರಿ?”

“ತಪ್ಪು ನಿಮ್ಮದಲ್ಲ ಮಾದೇವಕ್ಕ. ನನ್ನದು. ಎಲ್ಲಿದೆ ಮರಳು?”

ಮನೆಯ ಹಿಂದೆ ಒಂದು ಸಾಲು ತೆಂಗು, ಒಂಬತ್ತು ಮರ. ಬುಡದ ನೆಲ ಉಳಿದ ಹಿತ್ತಲಿಗಿಂತ ಎದೆಮಟ್ಟ ಎತ್ತರ ಬೆಳೆದಿತ್ತು. ವರ್ಷ ವರ್ಷ ಮೂವತ್ತು ಹೆಂಗಸರು ಬುಟ್ಟಿ ಬುಟ್ಟಿ ಹೊತ್ತು ಸುರಿದ ಮರಳು ಪದರದ ಮೇಲೆ ಪದರ ಕೂತು, ಮರಗಳು ಅರ್ಧ ಹೂತ ಹಾಗೆ ಕಾಣುತ್ತಿದ್ದವು. ಶರಾವತಿ ನಳಿಗೆ ಇಳಿಸಿದಳು. ತುಳಸಿ ಬೇಲಿ ಹಾರಿ ಬಂದು ಒಂದು ಕೈ ಹಾಕಿದಳು. ಬಯ್ಯುತ್ತಲೇ ಹಾಕಿದಳು, ಅದು ಬೇರೆ ಮಾತು.

ಪ್ರಯೋಗಾಲಯದ ಕತ್ತಲಲ್ಲಿ ಆ ಮರಳು ಹೊಳೆದಾಗ ಶರಾವತಿಗೆ ಕಣ್ಣು ತುಂಬಿ ಬಂತು. ಒಂದೊಂದು ಪದರವೂ ಒಂದೊಂದು ವರ್ಷ. ಪ್ರತಿ ಪದರವೂ ಕೊನೆಯ ಸಲ ಬಿಸಿಲು ಕಂಡದ್ದು ಸಪ್ಟೆಂಬರಿನ ಆಚೀಚೆ, ಮಳೆ ಬಿಡುವ ಹೊತ್ತು. ಪ್ರತಿ ಪದರದಲ್ಲೂ ಬಂಗಡೆಯ ಎಣ್ಣೆ, ಹೊಪ್ಪಳೆಯ ಪುಡಿ. ಜೊತೆಗೆ ಕೆಂಪು ಧೂಳು. ಆ ಧೂಳು ಕಳದ ತಳದಲ್ಲಿ ಹಾಸಿದ ಚಿರೆಕಲ್ಲಿನ ಚೂರಿನದ್ದೇ, ಸಂಶಯವಿಲ್ಲ. ಮರಳು ಎಲ್ಲಿಂದ ಬಂತು ಅಂತ ಕೇಳುವವರಿಗೆ ಅದೇ ಉತ್ತರ. ಅವಳು ಮೇಲಿನಿಂದ ಎಣಿಸುತ್ತ ಹೋದಳು. ಹತ್ತು, ಹನ್ನೊಂದು, ಹನ್ನೆರಡು.

ಹದಿಮೂರನೆಯದು ಇರಲಿಲ್ಲ. ಹನ್ನೆರಡರ ಕೆಳಗೆ ನೇರ ಹದಿನಾಲ್ಕು. ಆಮೇಲೆ ಇಪ್ಪತ್ತಾರರ ತನಕ ಎಲ್ಲ ಸರಿಯಾಗಿ ಇದ್ದವು. ಒಂಬತ್ತು ಮರದ ಬುಡದಲ್ಲೂ ಅದೇ ಕಥೆ. ಹದಿಮೂರು ವರ್ಷದ ಹಿಂದೆ, ಆ ಒಂದು ವರ್ಷ, ತೆಂಗಿನ ಬುಡಕ್ಕೆ ಮರಳು ಬಂದಿರಲಿಲ್ಲ.

ಅವಳು ತನ್ನದೇ ವರದಿ ತಪ್ಪು ಅಂತ ಮರುಪರೀಕ್ಷೆಯ ಅರ್ಜಿ ಹಾಕಿದಳು. ಹಾಗೆ ಮಾಡಿದ ವಿಜ್ಞಾನಿಯ ಸೇವಾಪುಸ್ತಕದಲ್ಲಿ ಒಂದು ಕಪ್ಪು ಗುರುತು ಬೀಳುತ್ತದೆ. ಬೀಳಲಿ ಅಂದುಕೊಂಡಳು. ವಿಹಾರಧಾಮದ ಪರ ವಕೀಲ ಸಭಾಹಿತ ಮರುದಿನವೇ ಫೋನ್ ಮಾಡಿದ. ಒಳ್ಳೆಯ ಮಾತಿನ ಮನುಷ್ಯ, ದನಿ ಏರಿಸುವವನಲ್ಲ.

“ಮೇಡಂ, ಕಳದ ಮರಳು ಪಕ್ಕದ ಹಿತ್ತಲಲ್ಲಿ ಸಿಕ್ಕರೂ ಇನ್ನೂರು ಮೀಟರಿನೊಳಗೆ ಇದ್ದರೆ ಪೂರಕ ಸಾಕ್ಷಿ ಆಗ್ತದೆ, ಒಪ್ಪಿದೆ. ಕೆಂಪು ಧೂಳನ್ನೂ ಒಪ್ಪಿದೆ. ಆದ್ರೆ ಒಂದು ವರ್ಷ ತಪ್ಪಿದೆ. ಕಾಯ್ದೆ ಪ್ರಕಾರ ತಪ್ಪಿದ ವರ್ಷದಿಂದ ಎಣಿಕೆ ಹೊಸತು. ಹನ್ನೆರಡೇ ವರ್ಷ ಆಯ್ತು.”

“ಒಂದು ವರ್ಷ, ಸಭಾಹಿತರೇ!”

“ಕಾಯ್ದೆ ನಾನು ಬರೆದದ್ದಲ್ಲ ಮೇಡಂ. ಸೋಮವಾರ ವಿಚಾರಣೆ ಉಂಟು.”

ಅವನು ಹೇಳಿದ್ದು ಸರಿಯಾಗಿತ್ತು, ಅದೇ ಅವಳನ್ನು ರೇಗಿಸಿತು. ಆ ದಿನ ಗುರುವಾರ. ಶುಕ್ರವಾರ ಮತ್ತೆ ಶಂಖಬೇಲೆ.

ಈ ಸಲ ಮಾದೇವಕ್ಕ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟಳು. ತುಳಸಿ ಕಂಬಕ್ಕೆ ಒರಗಿ ನಿಂತಳು. ಶರಾವತಿ ಬೆರಳು ಎಣಿಸಿ ವಿಷಯ ಹೇಳಿದಳು. ಹದಿಮೂರು ವರ್ಷದ ಹಿಂದಿನ ಮಳೆಗಾಲ ಕಳೆದ ಮೇಲೆ ತೆಗೆದ ಮರಳು ಎಲ್ಲಿ? ಆ ವರ್ಷದ ಮಾತು ಬಂದದ್ದೇ ಮಾದೇವಕ್ಕನ ಮುಖ ಗೋಡೆಯ ಹಾಗಾಯಿತು.

“ಆ ವರ್ಷ ನಾವು ಮೀನು ಒಣಗ್ಸಿಲ್ಲ.”

“ಮಾದೇವಕ್ಕ, ಯೋಚನೆ ಮಾಡಿ ಹೇಳಿ. ಒಣಗಿಸಿಲ್ಲ ಅಂದ್ರೆ ಕಳ ಹೋಯ್ತು.”

“ಒಣಗ್ಸಿಲ್ಲ ಅಂದೆ ಅಲ್ದಾ? ಹೋಗುದಾದ್ರೆ ಹೋಗ್ಲಿ.” ಚಹಾದ ಲೋಟ ಕಸಿದುಕೊಂಡ ಹಾಗೆ ತೆಗೆದುಕೊಂಡು ಒಳಗೆ ಹೋದಳು.

ಶರಾವತಿಗೆ ಏನೂ ಅರ್ಥವಾಗಲಿಲ್ಲ. ಹಿಂದೆ ಅವಳ ಅಮ್ಮನ ಊರಲ್ಲಿ ಜನ ಬೇರೆಯವರ ಕಳ ಕಳೆಯಲು ಸುಳ್ಳು ಹೇಳಿದ್ದರು. ಇಲ್ಲೊಬ್ಬಳು ತನ್ನ ಕಳವನ್ನೇ ಕಳೆದುಕೊಳ್ಳಲು ಸುಳ್ಳು ಹೇಳುತ್ತಿದ್ದಳು! ತುಳಸಿ ತುಟಿ ಕಚ್ಚಿ ನಿಂತಿದ್ದವಳು ತಡೆಯಲಾರದೆ ಒಳಗಿನ ಬಾಗಿಲ ಕಡೆಗೇ ಕೂಗಿ ಹೇಳಿದಳು.

“ಸುಳ್ಳೆಂತಕೆ ಹೇಳ್ತೆ ಮಾದೇವಕ್ಕ? ನಾ ಆಗ ಹೊಸಾ ಮದುಮಗಳು, ನಾನೂ ಹೊತ್ತಿದ್ದೆ ಹನ್ನೆರಡು ಬುಟ್ಟಿ. ಮೂವತ್ತು ಹೆಂಗಸ್ರ ಹೊಟ್ಟೆ ಮೇಲೆ ಹೊಡೀಬೇಡ.”

ತುಳಸಿ ದನಿ ತಗ್ಗಿಸಿದಳು. “ಈಕೆ ಗಂಡ ಜಟ್ಟಿ ಭಾವ ಕಡಲಲ್ಲೇ ಹೋದ ವರ್ಷ ಅದು. ನೂಲು ಹುಣ್ಣಿಮೆ ಕಳೆದು ಹತ್ತೇ ದಿವ್ಸ, ದೋಣಿ ತೇಲಿ ಬಂತು, ಭಾವ ಬರಲಿಲ್ಲ. ಹೆಣ ಸಿಕ್ಕಲಿಲ್ಲ. ಸುಡುಕೆ ಏನೂ ಇಲ್ಲ, ಹುಗಿಯುಕೆ ಏನೂ ಇಲ್ಲ. ಈಕೆ ಕಡಲು ಕಾಣ್ತಾ ಕೂತ್ಲು. ಊಟ ಇಲ್ಲ, ಮಾತಿಲ್ಲ. ಮರಳು ತೆಗೆಯೋ ದಿವ್ಸ ಬಂತು. ನಾವು ಬುಟ್ಟಿ ಹೊತ್ತು ಬತ್ತಾ ಇರುವಾಗ ಎದ್ದು ಬಂದು, ಇಲ್ಲಿಗೆ ತನ್ನಿ ಅಂದ್ಲು.”

“ಎಲ್ಲಿಗೆ?”

ತುಳಸಿ ಗದ್ದದಿಂದ ತೋರಿಸಿದಳು. ಹಿತ್ತಲ ಮೂಲೆಯ ಹೊನ್ನೆ ಮರದ ಕೆಳಗೆ ಮನುಷ್ಯ ಮಲಗಿದಷ್ಟು ಉದ್ದದ, ಮೊಣಕಾಲೆತ್ತರದ ಒಂದು ದಿಬ್ಬ. ಮೇಲೆ ಹುಲ್ಲು ಹಬ್ಬಿತ್ತು. ಶರಾವತಿ ಮೂರು ಸಲ ಅದರ ಪಕ್ಕದಲ್ಲೇ ಓಡಾಡಿದ್ದಳು. ಒಳಗೆ ಅವನ ಅಂಗಿ ಇದೆ, ಅಷ್ಟೇ, ಅಂದಳು ತುಳಸಿ. ಅವತ್ತಿನಿಂದ ಇವತ್ತಿನವರೆಗೆ ಅದರ ಮೇಲೆ ಕೋಳಿ ಹತ್ತಿದರೂ ಮಾದೇವಕ್ಕ ಕೋಲು ತೆಗೆದುಕೊಂಡು ಓಡುತ್ತಾಳಂತೆ.

ಹದಿಮೂರನೆಯ ಪದರ ಅಲ್ಲಿ ಮಲಗಿತ್ತು. ಒಂದು ನಳಿಗೆ ಇಳಿಸಿದರೆ ಸಾಕು. ಶರಾವತಿಗೆ ಚೀಲದಲ್ಲಿದ್ದ ನಳಿಗೆ ಕೈಗೆ ಬರಲಿಲ್ಲ. ಯಾರ ಎದೆಗೆ ಕಬ್ಬಿಣ ಚುಚ್ಚಿ ಕಳ ಉಳಿಸುವುದು? ಅವಳು ಜಗಲಿಯ ಅಂಚಿನಲ್ಲಿ ಕೂತಳು. ಏಳಲಿಕ್ಕೂ ಆಗಲಿಲ್ಲ, ಕೂರಲಿಕ್ಕೂ ಆಗಲಿಲ್ಲ. ಸಮುದ್ರದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಮಾದೇವಕ್ಕ ಬಾಗಿಲಿಗೆ ಬಂದು ನಿಂತಳು. ‘ಮೇಡಂ’ ಅನ್ನುವುದು ಬಿಟ್ಟು ಹೋಗಿತ್ತು.

“ನೀ ಯಾರ ಮಗ್ಳು?”

ಶರಾವತಿ ಹೇಳಿದಳು. ಊರು ಹೇಳಿದಳು, ಅಮ್ಮನ ಹೆಸರು ಹೇಳಿದಳು, ಕಳದ ಮೇಲೆ ಈಜುಕೊಳ ಬಂದದ್ದನ್ನೂ ಹೇಳಿದಳು. ಮಾದೇವಕ್ಕ ತಲೆದೂಗಿದಳು.

“ಕೇಳಿದ್ದೆ ಆ ಸುದ್ದಿ. ಬುಟ್ಟಿ ತಲೆ ಮೇಲೆ ಇಟ್ಕಂಡೇ ನಿಂತಿದ್ಲಂತೆ ಅಲ್ದಾ, ನಿನ್ನಮ್ಮ?” ಬಂದು ಪಕ್ಕದಲ್ಲಿ ಕೂತಳು. “ನಿನ್ನ ಕೋಲು ಹೊಕ್ಕರೆ ಎಂತ ಆತದೆ?”

“ಬೆರಳಷ್ಟು ದಪ್ಪದ ತೂತು ಆಗ್ತದೆ. ಒಂದು ಮುಷ್ಟಿ ಮರಳು ಬರ್ತದೆ.”

“ಅದನ್ನ ಓದಿ ವಾಪಸು ತಂದು ಹಾಕ್ತೆಯಾ?”

ಇಲ್ಲೊಂದು ಸುಳ್ಳು ಹೇಳಿದ್ದರೆ ಸುಲಭವಿತ್ತು. “ಹಾಕಬಹುದು. ಆದ್ರೆ ಬೆಳಕು ಬಿಟ್ಟು ಓದಿದ ಮೇಲೆ ಆ ಮರಳು ಎಲ್ಲ ಮರೆತುಬಿಡ್ತದೆ ಮಾದೇವಕ್ಕ. ಒಂದು ಸಲ ಮಾತ್ರ ಹೇಳ್ತದೆ.”

“ಉಳಿದದ್ದು?”

“ಉಳಿದದ್ದಕ್ಕೆ ಏನೂ ಆಗುದಿಲ್ಲ. ಅದು ನೆನಪು ಇಟ್ಕೊಂಡೇ ಇರ್ತದೆ.”

ಮಾದೇವಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಅವರು ಹೋದ್ರು ಅಂತ ಯಾವ ಕಾಗದದಲ್ಲೂ ಇಲ್ಲ, ಗೊತ್ತಾ? ಹೆಣ ಇಲ್ಲ ಅಂತ ‘ಕಾಣೆಯಾಗಿದ್ದಾರೆ’ ಅಂತ ಬರ್ದ್ರು. ಆಫೀಸಿಗೆ ಹೋದಾಗೆಲ್ಲ ಅದೇ. ಕಾಣೆಯಾಗಿದ್ದಾರೆ. ನಾನೆಂತ, ದನವಾ ಕಳ್ಕಂಡದ್ದು? ಹದಿಮೂರು ವರ್ಷ ಆಯ್ತು, ನಾ ಯಾರು ಅಂತ ಸರ್ಕಾರಕ್ಕೆ ಇನ್ನೂ ಗೊತ್ತಿಲ್ಲ.” ತುಳಸಿ ಆಚೆ ತಿರುಗಿ ನಿಂತಳು. “ನಿನ್ನ ಕಾಗದದಲ್ಲಿ ಈ ಮರಳು ಎಂತಕೆ ಇಲ್ಲಿಗೆ ಬಂತು ಅಂತ ಬರೀತೆಯಾ? ಅವರ ಹೆಸ್ರು ಹಾಕಿ ಬರೀತೆಯಾ?”

ವರದಿಯಲ್ಲಿ ‘ಮರಳಿನ ಸ್ಥಳ ವಿವರಣೆ’ ಅಂತ ಎರಡು ಸಾಲಿನ ಜಾಗ ಇರುತ್ತದೆ. ಹನ್ನೊಂದು ವರ್ಷದಿಂದ ಶರಾವತಿ ಅಲ್ಲಿ ಬರೆಯುತ್ತ ಬಂದದ್ದು ‘ಸಮತಟ್ಟು’, ‘ಇಳಿಜಾರು’, ‘ಪೊದೆ ಇದೆ’, ಇಂಥದ್ದು.

“ಬರೀತೇನೆ” ಅಂದಳು.

ನಳಿಗೆಯನ್ನು ಮಾದೇವಕ್ಕ ತಾನೇ ಹಿಡಿದಳು. ಯಾವ ಕಡೆಗೆ ಅಂಗಿ ಇದೆ ಅಂತ ಅವಳಿಗೆ ಮಾತ್ರ ಗೊತ್ತಿತ್ತು, ಅದು ತಪ್ಪುವ ಹಾಗೆ ಕಾಲಿನ ಕಡೆ ಇಟ್ಟಳು. ಇಳಿಸುವಾಗ ಮೆಲ್ಲಗೆ ಏನೋ ಹೇಳಿಕೊಂಡಳು. ಶರಾವತಿ ಅದನ್ನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಸೋಮವಾರದ ವಿಚಾರಣೆ ತಾಲೂಕು ಕೇಂದ್ರದ ಸಭಾಭವನದಲ್ಲಿ. ಶಂಖಬೇಲೆಯ ಹೆಂಗಸರು ಬೆಳಗಿನ ಬಸ್ಸು ಹಿಡಿದು ಬಂದಿದ್ದರು, ತೊಳೆದ ಸೀರೆ, ಮುಡಿಗೆ ಅಬ್ಬಲಿಗೆ ಹೂ. ಮೀನಿನ ವಾಸನೆ ಇರಬಾರದು ಅಂತ ಎಲ್ಲರೂ ಸಾಬೂನು ಹಾಕಿ ಉಜ್ಜಿಕೊಂಡು ಬಂದದ್ದು ನೋಡಿ ಶರಾವತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಜನ ಸುಧಾರಿಸುವುದಿಲ್ಲ. ಅವಳ ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು, ಕೈಚೀಲ ಎದೆಗವಚಿ.

ವಿಚಾರಣಾಧಿಕಾರಿ ಕನ್ನಡಕದ ಹಿರಿಯ ಹೆಂಗಸು. ಕಾಯ್ದೆಯ ಪ್ರಕಾರ ಪ್ರತಿಯೊಂದು ನಳಿಗೆಯ ವರದಿಯನ್ನು ಅವರೇ ಗಟ್ಟಿಯಾಗಿ ಓದಬೇಕು. ಒಂದರಿಂದ ಹತ್ತೊಂಬತ್ತರ ತನಕ ಒಂದೇ ರಾಗದಲ್ಲಿ ಓದಿದರು. ವಯಸ್ಸು ಇಷ್ಟು, ಎಣ್ಣೆ ಇಷ್ಟು, ಸ್ಥಳ ತೆಂಗಿನ ಬುಡ. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಸಭಾಹಿತ ಪೆನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಹದಿಮೂರನೆಯ ವರ್ಷದ್ದನ್ನು ಕೊನೆಗೆ ಸೇರಿಸಲಾಗಿತ್ತು.

“ನಳಿಗೆ ಇಪ್ಪತ್ತು. ಕೊನೆಯ ಬಿಸಿಲು, ಹದಿಮೂರು ವರ್ಷದ ಹಿಂದೆ, ಸಪ್ಟೆಂಬರ್ ಮಧ್ಯಭಾಗ. ಮೀನಿನ ಎಣ್ಣೆ ಇದೆ. ಚಿರೆಕಲ್ಲಿನ ಧೂಳು ಕಳದ ತಳಕ್ಕೆ ಹೊಂದುತ್ತದೆ. ಸ್ಥಳ ವಿವರಣೆ...” ಅಲ್ಲಿ ನಿಂತರು. ಕನ್ನಡಕ ಸರಿ ಮಾಡಿಕೊಂಡು ನಿಧಾನಕ್ಕೆ ಓದಿದರು. “‘ಸಮಾಧಿ ದಿಬ್ಬ. ಕಡಲಿಗೆ ಹೋಗಿ ತೀರಿಹೋದ ಜಟ್ಟಿ ನಾಗಪ್ಪ ಹರಿಕಂತ್ರರಿಗಾಗಿ ಅವರ ಹೆಂಡತಿ ಮಾದೇವಿ ಮತ್ತು ಊರಿನ ಹೆಂಗಸರು ಕಳದ ಮರಳನ್ನು ಇಲ್ಲಿಗೆ ಹೊತ್ತು ತಂದಿದ್ದಾರೆ.’”

ಮಾದೇವಕ್ಕ ಎದ್ದು ನಿಂತಿದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

“ಅಮ್ಮಾ, ಕೂತ್ಕೊಳ್ಳಿ. ಇಲ್ಲಿ ಯಾರ ಸಾಕ್ಷಿಯನ್ನೂ ಕೇಳುವಂತಿಲ್ಲ” ಅಂದರು ಅಧಿಕಾರಿ, ಮೆತ್ತಗೆ.

“ಸಾಕ್ಷಿ ಹೇಳುಕಲ್ಲ ಅಮ್ಮ. ಅದನ್ನ ಇನ್ನೊಂದ್ಸಲ ಓದ್ತೀರಾ?”

ಅಧಿಕಾರಿ ವಕೀಲನ ಕಡೆ ನೋಡಿದರು. ಸಭಾಹಿತ ಪೆನ್ನು ಕೆಳಗಿಟ್ಟಿದ್ದ. ‘ನನ್ನ ಅಡ್ಡಿಯಿಲ್ಲ’ ಅನ್ನುವ ಹಾಗೆ ತಲೆ ಆಡಿಸಿದ. ಅವರು ಇನ್ನೊಂದು ಸಲ ಓದಿದರು. ‘ತೀರಿಹೋದ’ ಅನ್ನುವಲ್ಲಿ ಮಾದೇವಕ್ಕ ಬಾಯಿಗೆ ಸೆರಗು ಒತ್ತಿಕೊಂಡು, ಸರ್ಕಾರದ ಎದುರು, ಹದಿಮೂರು ವರ್ಷದ ನಂತರ, ಗಂಡನಿಗಾಗಿ ಗಟ್ಟಿಯಾಗಿ ಅತ್ತಳು. ಹಿಂದಿನ ಸಾಲಿನಿಂದ ಶರಾವತಿಯ ಅಮ್ಮ ಎದ್ದು ಬಂದು ಗುರುತು ಪರಿಚಯವಿಲ್ಲದ ಆ ಹೆಂಗಸಿನ ಹೆಗಲು ಹಿಡಿದು ನಿಂತಳು.

ಇಪ್ಪತ್ತು ವರ್ಷ ಸರಿಯಾಗಿ ಕೂಡಿತ್ತು. ಗುತ್ತಿಗೆಯ ಅರ್ಜಿ ರದ್ದಾಯಿತು. ಶರಾವತಿಯ ಸೇವಾಪುಸ್ತಕದಲ್ಲಿ ಎರಡು ಗುರುತು ಬಿತ್ತು. ಒಂದು ತಪ್ಪು ವರದಿಗೆ, ಇನ್ನೊಂದು ಸ್ಥಳ ವಿವರಣೆಯ ಜಾಗದಲ್ಲಿ ‘ಅಪ್ರಸ್ತುತ ವಿಷಯ’ ಬರೆದದ್ದಕ್ಕೆ. ಹೊನ್ನೆ ಮರದ ಕೆಳಗೆ ಸರ್ಕಾರದವರು ಬಂದು ಒಂದು ತಗಡು ನೆಟ್ಟು ಹೋದರು: ಸಾಕ್ಷಿ ಸ್ಥಳ ೨೦, ಮುಟ್ಟಬಾರದು.

ಹಾಗಂತ ಅವಳಿಗೆ ಸಮಾಧಾನ ಸಿಕ್ಕಿತು ಅಂದರೆ ಅದು ಸುಳ್ಳಾಗುತ್ತದೆ. ಈಗ ಪ್ರತಿ ಊರಿನಲ್ಲೂ ನಳಿಗೆ ಇಳಿಸುವ ಮೊದಲು ಅವಳು ಹಿತ್ತಲು ಹಿತ್ತಲು ಸುತ್ತಿ ಬರುತ್ತಾಳೆ. ಇಲ್ಲಿಯ ಹೆಂಗಸರು ಏನನ್ನು ಎಲ್ಲಿ ಹೊತ್ತು ಹಾಕಿದ್ದಾರೋ! ಹಳೆಯ ಹದಿನೇಳು ವರದಿಗಳನ್ನು, ತಾನೇ ‘ಇಲ್ಲ’ ಅಂತ ಸಹಿ ಹಾಕಿದವನ್ನು, ತೆಗೆದು ಮತ್ತೆ ಮತ್ತೆ ಓದುತ್ತಾಳೆ. ಆ ಊರುಗಳ ತೆಂಗಿನ ಬುಡವನ್ನು ಅವಳು ನೋಡಿರಲಿಲ್ಲ. ಶಂಖಬೇಲೆಯಲ್ಲೇ ಪಕ್ಕದ ಸರ್ವೆ ನಂಬರಿಗೆ ಇನ್ನೊಬ್ಬರ ಅರ್ಜಿ ಆಗಲೇ ಬಿದ್ದಿತ್ತು.

ಮರುವರ್ಷ ಮಳೆ ಬಿಟ್ಟ ಮೇಲೆ, ಸಪ್ಟೆಂಬರಿನಲ್ಲಿ, ಒಂದು ದಿನ ರಜೆ ಹಾಕಿ ಅವಳು ಅಮ್ಮನನ್ನು ಕರೆದುಕೊಂಡು ಶಂಖಬೇಲೆಗೆ ಹೋದಳು. ಕಳದಲ್ಲಿ ಗೋರೆ ಎಳೆಯುವ ಸದ್ದು ರಸ್ತೆಗೇ ಕೇಳುತ್ತಿತ್ತು. ಅಮ್ಮ ಯಾರನ್ನೂ ಕೇಳದೆ ಸೀರೆ ಎತ್ತಿ ಕಟ್ಟಿ ಸಾಲಿಗೆ ಸೇರಿದಳು.

“ಇನ್ನು ಇಪ್ಪತ್ತು ವರ್ಷಕ್ಕೆ ಮತ್ತೆ ಕೋಲು ತಕಂಡು ಬಪ್ಪವ್ರಿಗೆ ಮರಳು ಎಲ್ಲಿ ಉಂಟು ಅಂತ ನೀನೇ ಬರ್ದಿಡು ಮಗಾ” ಅಂದಳು ಮಾದೇವಕ್ಕ. “ನಾವು ಗುಡಿಸೂದು ಬಿಡೂದಿಲ್ಲ.”

ಮೊದಲ ಬುಟ್ಟಿಯನ್ನು ಅವಳು ತೆಂಗಿನ ಕಡೆಗೆ ಒಯ್ಯಲಿಲ್ಲ. ಹೊನ್ನೆ ಮರದ ಹತ್ತಿರ ನಿಂತಳು. ನಳಿಗೆಯ ತೂತು ಮಳೆಗೆ ಕುಸಿದು ದಿಬ್ಬದ ಕಾಲಿನ ಕಡೆ ಒಂದು ಗುಳಿ ಬಿದ್ದಿತ್ತು. ಇಡೀ ವರ್ಷ ಅವಳು ಅದನ್ನು ಹಾಗೇ ಬಿಟ್ಟಿದ್ದಳು. ಬೇರೆ ಮಣ್ಣು ಹಾಕುವ ಹಾಗಿಲ್ಲ, ಕಳದ ಮರಳೇ ಆಗಬೇಕು. ಪಕ್ಕದಲ್ಲಿ ತಗಡು ಹೇಳುತ್ತಿತ್ತು, ಮುಟ್ಟಬಾರದು. ಮಾದೇವಕ್ಕ ಬುಟ್ಟಿ ಇಳಿಸಿ ಶರಾವತಿಯ ಕಡೆ ದೂಡಿದಳು.

“ತೂತು ಮಾಡಿದವ್ಳು ನೀನು. ನೀನೇ ತುಂಬು.”

ಶರಾವತಿ ಬಗ್ಗಿ ಎರಡೂ ಕೈಯಲ್ಲಿ ಮರಳು ತೋಡಿ ಗುಳಿಗೆ ಸುರಿದಳು. ಬಂಗಡೆಯ ವಾಸನೆ ಮೂಗಿಗೆ ಅಡರಿತು. ತುಂಬಿದ ಮೇಲೆ ಮಾದೇವಕ್ಕ ಅಂಗೈಯಿಂದ ತಟ್ಟಿ ಸಮ ಮಾಡಿದಳು, ಉಳಿದ ಮರಳಿನ ಬುಟ್ಟಿ ಎತ್ತಿ ಅವಳ ತಲೆ ಮೇಲೆ ಇಟ್ಟಳು.

“ಇದನ್ನ ತೆಂಗಿಗೆ ಹಾಕಿ ಬಾ. ಇನ್ನೂ ಹನ್ನೊಂದು ಬುಟ್ಟಿ ಉಂಟು ನಿನ್ಗೆ.”